ಹಿಂದೆ ನೋಡದ ಸಾಲು

‘ಯಂತ್ರ ನಡೆಯುವಾಗ ಯಾರೂ ಏರಬಾರದು’ ಎಂದು ಆ ಬಿತ್ತುವ ಯಂತ್ರದ ಬೆನ್ನಿಗೆ ಕೆಂಪು ಬಣ್ಣದಲ್ಲಿ ಬರೆದವನು ನಾನೇ. ಬಣ್ಣವನ್ನು ಊರಿನ ಸೂಪರ್ ಮಾರ್ಕೆಟ್ ಪೇಟೆಯಿಂದ ತಂದಿದ್ದೆ. ಕುಂಚ ತರುವುದು ಮರೆತಿದ್ದರಿಂದ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದಲೇ ಬರೆದೆ. ಅಕ್ಷರ ಸೊಟ್ಟಗಿದ್ದವು, ಆದರೆ ಓದಲು ಬರುತ್ತಿದ್ದವು. ಓದು ಕಲಿತವರಿಗೆ.

ಎರಡು ಸಾವಿರದ ಆಸುಪಾಸಿನ ಮಾತು. ಕಲಬುರಗಿಯ ಒಂದು ಟ್ರ್ಯಾಕ್ಟರ್ ಡಿಪೋದಲ್ಲಿ ನಾನು ಹಂಗಾಮಿ ಡ್ರೈವರ್ ಆಗಿದ್ದೆ. ಆ ವರ್ಷ ಡಿಪೋಗೆ ಹೊರದೇಶದ ಒಂದು ಬಿತ್ತುವ ಯಂತ್ರ ಬಂತು. ರೈತರ ಹೊಲದಲ್ಲಿ ಓಡಿಸಿ ತೋರಿಸಬೇಕಿತ್ತು. ಡಿಪೋದ ಸಾಹೇಬರು ಅದನ್ನು ನನ್ನ ಸುಪರ್ದಿಗೆ ಕೊಟ್ಟರು. ಇದನ್ನು ಸರಿಯಾಗಿ ಓಡಿಸಿದರೆ ನೌಕರಿ ಕಾಯಂ ಮಾಡಿಸುತ್ತೇನೆ ಎಂದೂ ಹೇಳಿದರು. ನಾನು ನಂಬಿದೆ, ನಂಬುವುದಕ್ಕೆ ಖರ್ಚೇನಿಲ್ಲವಲ್ಲ.

ಯಂತ್ರ ನೋಡಲು ದೊಡ್ಡದು, ತತ್ವ ಸಣ್ಣದು. ಮೇಲೆ ಕಾಳು ತುಂಬುವ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯ ತಳದಲ್ಲಿ ಹಲ್ಲುಗಳಿರುವ ಒಂದು ದಂಡ. ಯಂತ್ರದ ಗಾಲಿ ನೆಲದ ಮೇಲೆ ಉರುಳಿದರೆ ಚೈನಿನ ಮೂಲಕ ಆ ದಂಡ ತಿರುಗಿ, ಕಾಳನ್ನು ಕಲಕಿ, ಅಳತೆಯಲ್ಲಿ ಕೆಳಗೆ ಬಿಡುತ್ತದೆ. ಪಕ್ಕದಲ್ಲೊಂದು ಪಂಖ. ಟ್ರ್ಯಾಕ್ಟರಿನ ಹಿಂದಿನ ಶಾಫ್ಟಿನಿಂದ ಅದು ತಿರುಗಿ ಗಾಳಿ ಊದುತ್ತದೆ. ಆ ಗಾಳಿ ಕಾಳನ್ನು ಪೈಪುಗಳಲ್ಲಿ ತಳ್ಳಿಕೊಂಡು ಹೋಗಿ, ನೆಲ ಸೀಳುವ ತಾಳುಗಳ ಬುಡದಲ್ಲಿ ಉದುರಿಸುತ್ತದೆ. ನಮ್ಮ ಕೂರಿಗೆಯಲ್ಲಿ ಹೆಣ್ಣುಮಗಳೊಬ್ಬಳು ಎತ್ತುಗಳ ಹಿಂದೆ ನಡೆಯುತ್ತ, ಮರದ ಬಟ್ಟಲಿಗೆ ಮುಷ್ಟಿಯಿಂದ ಕಾಳು ಬಿಡುತ್ತಾಳೆ. ಆ ಮುಷ್ಟಿಯ ಕೆಲಸವನ್ನೇ ಇದು ಮಾಡುತ್ತದೆ.

ಹತ್ತು ದಿನ ಅದನ್ನು ಸಜ್ಜು ಮಾಡಿದೆ. ಬೇಸಿಗೆಯಿಂದ ಶೆಡ್ಡಿನಲ್ಲಿ ನಿಂತಿದ್ದರಿಂದ ಎರಡು ಪೈಪುಗಳಲ್ಲಿ ಇಲಿ ಮರಿ ಹಾಕಿತ್ತು. ಎಲ್ಲ ಪೈಪು ಬಿಚ್ಚಿ, ಊದಿ, ಒಂದು ಕಡೆಯಿಂದ ಕಾಳು ಹಾಕಿ ಇನ್ನೊಂದು ಕಡೆ ಬೀಳುವುದನ್ನು ನೋಡಿ ಮತ್ತೆ ಜೋಡಿಸಿದೆ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಸೀಳಿತ್ತು. ಹೊಸದು ಬರುವವರೆಗೆ ಪಂಖ ತಿರುಗಿಸುವುದಿಲ್ಲ ಎಂದು ಹಟ ಹಿಡಿದೆ. ತಿರುಗುವ ಶಾಫ್ಟಿಗೆ ಧೋತರದ ಚುಂಗು ಸಿಕ್ಕು ಒಬ್ಬ ಮನುಷ್ಯ ಏನಾದ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ಯಂತ್ರದ ಅಡಿಗೆ ಹೋಗುವ ಮುನ್ನ ಅದರ ಆಧಾರದ ಕಾಲು ಊರಿಸಿ ಪಿನ್ನು ಹಾಕುವುದು, ಗಾಲಿಗೆ ಕಲ್ಲು ಕೊಡುವುದು, ಟ್ರ್ಯಾಕ್ಟರ್ ಬಂದ್ ಮಾಡಿ ಕೀಲಿ ಅಂಗಿಯ ಜೇಬಿಗೆ ಹಾಕಿಕೊಳ್ಳುವುದು, ಪಂಖ ಪೂರ್ತಿ ನಿಲ್ಲುವವರೆಗೆ ಕೈ ಹಚ್ಚದಿರುವುದು, ಒಂದನ್ನೂ ಬಿಡಲಿಲ್ಲ. ಡಿಪೋದವರು ನನ್ನನ್ನು ‘ಮಡಿ ಡ್ರೈವರ್’ ಎಂದು ಚೇಷ್ಟೆ ಮಾಡುತ್ತಿದ್ದರು.

ಗಾಲಿಯನ್ನು ಜಾಕಿನ ಮೇಲೆ ಎತ್ತಿ, ಕೈಯಿಂದ ತಿರುಗಿಸಿ, ಪ್ರತಿ ಪೈಪಿನ ಬಾಯಿಗೆ ಒಂದೊಂದು ಚೀಲ ಕಟ್ಟಿ, ಬಿದ್ದ ಜೋಳವನ್ನು ತಕ್ಕಡಿಯಲ್ಲಿ ತೂಗಿದೆ. ಎಲ್ಲ ಚೀಲವೂ ಸಮ ಬರಲು ಮೂರು ದಿನ ಹಿಡಿಯಿತು. ಪೆಟ್ಟಿಗೆಯೊಳಗೆ, ಹಲ್ಲಿನ ದಂಡದ ಮೇಲೆ, ನಾಲ್ಕು ಬೋಲ್ಟಿನಿಂದ ಕೂಡಿಸಿದ ಒಂದು ಕಬ್ಬಿಣದ ಜಾಳಿಗೆ ಇತ್ತು. ಕಾಳು ಇಳಿಯಬೇಕು, ಕೈ ಇಳಿಯಬಾರದು ಎಂದು ಮಾಡಿದ್ದು. ಆ ಬೋಲ್ಟುಗಳನ್ನೂ ಬಿಗಿಮಾಡಿದೆ. ಇಷ್ಟೆಲ್ಲ ಬರೆಯುವುದು ನನ್ನ ಜಾಣತನ ಹೇಳಿಕೊಳ್ಳಲಿಕ್ಕಲ್ಲ. ಗೊತ್ತಿಲ್ಲದೆ ಆಯಿತು ಎನ್ನುವ ದಾರಿ ನನಗಿರಲಿಲ್ಲ, ಅದಕ್ಕೆ.

ಹಸ್ತ ಮಳೆ ಬಿದ್ದು ನೆಲ ಹದಕ್ಕೆ ಬಂದಾಗ ಕಮಲಾಪುರದ ಒಬ್ಬ ಸಾವಕಾರರ ಹೊಲಕ್ಕೆ ಹೋದೆವು. ಹುಮನಾಬಾದ ರಸ್ತೆಗೆ ಹತ್ತಿದ ಕಪ್ಪು ನೆಲ, ಬಿಳಿಜೋಳದ ಹೊಲ. ಸಾವಕಾರರು ಒಳ್ಳೆಯ ಮನುಷ್ಯ, ಆದರೆ ಗಡಿಬಿಡಿಯ ಸ್ವಭಾವ. ಹೊಲದ ಬದುವಿನಲ್ಲಿ ಒಬ್ಬ ಹೆಣ್ಣುಮಗಳು ಉಡಿಯಲ್ಲಿ ಕಾಳು ಕಟ್ಟಿಕೊಂಡು ನಿಂತಿದ್ದಳು. ಐವತ್ತು ದಾಟಿದ ವಯಸ್ಸು. ಆ ಮನೆಯ ಕೂರಿಗೆಗೆ ವರ್ಷಾನುಗಟ್ಟಲೆ ಕಾಳು ಬಿಟ್ಟವಳು ಆಕೆ. ಆಕೆಯ ಕೈಗುಣ ದೊಡ್ಡದು, ಆಕೆ ಬಿತ್ತಿದ ಸಾಲಿನಲ್ಲಿ ಒಂದು ಗೇಣೂ ಬೋಳು ಬೀಳುವುದಿಲ್ಲ ಎಂದು ಸುತ್ತಿನ ಊರುಗಳಲ್ಲೂ ಮಾತಿತ್ತು. ಬಿತ್ತಿಗೆಯ ದಿನಗಳಲ್ಲಿ ಆಕೆಯನ್ನು ಕರೆಯಲು ಮನೆಮನೆಯವರು ಸರದಿ ಹಚ್ಚುತ್ತಿದ್ದರಂತೆ. ವರ್ಷದ ಉಳಿದ ದಿನ ಆಕೆ ಎಲ್ಲರಂತೆ ಕೂಲಿಯವಳು. ಆ ಹದಿನೈದು ದಿನ ಮಾತ್ರ ಆಕೆಗೆ ಕುಂಕುಮ ಹಚ್ಚಿ, ಉಡಿ ತುಂಬಿ ಕರೆದೊಯ್ಯುತ್ತಿದ್ದರು.

ಆಕೆ ಯಂತ್ರವನ್ನು ಒಂದು ಸುತ್ತು ಹಾಕಿ ನೋಡಿ ನನ್ನನ್ನು ಕೇಳಿದಳು: “ತಮ್ಮಾ, ಇದಕ್ಕ ಕೈ ಬೇಕಾಗಂಗಿಲ್ಲೇನು?”

“ಇಲ್ಲವ್ವಾ. ಇದರ ಕೈ ಇದರಾಗೇ ಅದ.”

ಆಕೆ ಉಡಿಯ ಗಂಟನ್ನು ಮುಟ್ಟಿ ನೋಡಿಕೊಂಡಳು. ಆ ಮಾತನ್ನು ನಾನು ಇನ್ನಷ್ಟು ಮೆತ್ತಗೆ ಹೇಳಬಹುದಿತ್ತು.

ಪೂಜೆ ಆಯಿತು. ಮೊದಲ ಮುಷ್ಟಿ ಆಕೆಯೇ ಹಾಕಬೇಕು ಎಂದು ಸಾವಕಾರರು ಹೇಳಿದರು. ಆಗ ಆಕೆ ತಗಾದೆ ತೆಗೆದಳು. ನಿಂತ ಕೂರಿಗೆಗೆ ಕಾಳು ಹಾಕಬಾರದಂತೆ, ಹಾಕಿದರೆ ಪೈರು ನಿಂತಲ್ಲೇ ನಿಲ್ಲುತ್ತದಂತೆ. ಎತ್ತು ಹೆಜ್ಜೆ ಕಿತ್ತ ಮೇಲೆ ಮುಷ್ಟಿ ಬಿಡುವುದು ಆ ಮನೆಯ ಪದ್ಧತಿ.

“ನೀ ಗಾಡಿ ನಡಸು, ನಾ ಮ್ಯಾಲ ನಿಂತು ಹಾಕ್ತೀನಿ” ಎಂದಳು.

ನಾನು ಖಡಾಖಂಡಿತ ಆಗುವುದಿಲ್ಲ ಎಂದೆ. ಬರೆದ ಅಕ್ಷರ ತೋರಿಸಿ ಓದಿ ಹೇಳಿದೆ. ಕೊನೆಗೆ ನಿಂತ ಯಂತ್ರಕ್ಕೇ ಮುಷ್ಟಿ ಹಾಕಿದಳು. ಮುಖ ಸಣ್ಣದಾಗಿತ್ತು. ಆಕೆ ಯಂತ್ರದ ಹಿಂದೆ, ದೂರದಲ್ಲಿ, ನಡೆದುಕೊಂಡು ಬರುವುದೆಂದು ತೀರ್ಮಾನವಾಯಿತು.

ಮೊದಲ ದಿನ ಅರ್ಧ ಹೊಲದವರೆಗೆ ಚೆನ್ನಾಗಿ ಹೋಯಿತು. ಆಮೇಲೆ ಆಕೆ ಹಿಂದಿನಿಂದ ಟ್ರ್ಯಾಕ್ಟರಿನ ಪಕ್ಕಕ್ಕೆ ಓಡಿ ಬಂದು ಕೂಗಿದಳು, “ಐದನೇ ತಾಳು ಉಣ್ಣವಲ್ದು, ನಿಂದರ್ಸು.” ಇಳಿದು ನೋಡಿದರೆ ಐದನೆಯ ಸಾಲಿನಲ್ಲಿ ಕಾಳೇ ಇಲ್ಲ. ಮಣ್ಣು ಮುಚ್ಚಿದ ಮೇಲೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಕಾಳು ಇಳಿಯುವ ಸಪ್ಪಳ ಬೇರೆ, ಬರೀ ಗಾಳಿಯ ಸಪ್ಪಳ ಬೇರೆ ಎಂದಳು. ಪಂಖದ ಆ ಅಬ್ಬರದಲ್ಲಿ ನನಗೆ ಎರಡೂ ಒಂದೇ ಆಗಿ ಕೇಳುತ್ತಿದ್ದವು.

ಪೆಟ್ಟಿಗೆ ತೆರೆದಾಗ ಕಾರಣ ಸಿಕ್ಕಿತು. ಬೀಜಕ್ಕೆ ಗಂಧಕದ ಪುಡಿ ಹಚ್ಚಿ ಒಣಗಿಸಿ ತನ್ನಿ ಎಂದು ಹೇಳಿ ಕಳಿಸಿದ್ದೆವು. ಸಾವಕಾರರು ಅದರ ಮೇಲೆ, ಹಿಂದಿನಿಂದ ಮಾಡಿಕೊಂಡು ಬಂದಂತೆ, ಬೆಲ್ಲದ ನೀರನ್ನೂ ಚಿಮುಕಿಸಿ ಹದಮಾಡಿದ್ದರು. ಮೋಡದ ಬಿಸಿಲಿಗೆ ಅದು ಪೂರ್ತಿ ಒಣಗಿರಲಿಲ್ಲ. ಕೂರಿಗೆಗೆ ಅದರಿಂದ ಏನೂ ಆಗುವುದಿಲ್ಲ, ಮುಷ್ಟಿಯಲ್ಲಿ ಬೆರಳುಗಳೇ ಕಾಳು ಬಿಡಿಸಿ ಬಿಡುತ್ತವೆ. ಇಲ್ಲಿ ಬೆರಳಿಲ್ಲ. ಕಾಳು ಉಂಡೆಗಟ್ಟಿ ಜಾಳಿಗೆಯ ಮೇಲೆ ಕೂತಿತ್ತು.

“ಸಾವ್ಕಾರ್ರ, ಈ ಬೀಜ ನಡ್ಯಂಗಿಲ್ರಿ. ಎರಡು ದಿನ ಒಣಗಿಸ್ಬೇಕು” ಎಂದೆ.

“ಎರಡು ದಿನಕ್ಕ ನೆಲಾನೂ ಒಣಗ್ತದಲ್ಲೋ. ಬೀಜ ಒಣಗಿಸ್ಕೊಂಡು ಏನ್ ರೊಟ್ಟಿ ಬಡೀಲೇನು?” ಎಂದರು ಸಾವಕಾರರು. ಮಾತು ಸುಳ್ಳಲ್ಲ. ಕಪ್ಪು ನೆಲದ ಹಸಿ ಒಮ್ಮೆ ಕೆಳಗಿಳಿದರೆ ಮೊಳಕೆ ಮೇಲೆ ಬರುವುದಿಲ್ಲ. ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು ಎನ್ನುವುದು ಹೊಲದವರಿಗೆ ಬರೀ ಗಾದೆಯಲ್ಲ.

ಎರಡನೆಯ ದಿನ ಬೆಳಿಗ್ಗೆಯಿಂದ ಹನ್ನೊಂದು ಸಲ ಇಳಿದೆ. ಪ್ರತಿ ಸಲವೂ ಶಾಫ್ಟ್ ಬಿಡಿಸಿ, ಟ್ರ್ಯಾಕ್ಟರ್ ಬಂದ್ ಮಾಡಿ, ಪಂಖ ನಿಲ್ಲುವವರೆಗೆ ಕಾದು, ಜಾಳಿಗೆಯ ಮೇಲಿನ ಉಂಡೆ ಒಡೆದು, ಮತ್ತೆ ಚಾಲೂ ಮಾಡಬೇಕು. ಬದುವಿನ ಮೇಲೆ ನೋಡಲು ಬಂದ ರೈತರು ಕೂತಿದ್ದರು. ಸಾಹೇಬರೂ ಜೀಪಿನಲ್ಲಿ ಬಂದು ನಿಂತಿದ್ದರು. ಒಬ್ಬ ರೈತ ಎಲ್ಲರಿಗೂ ಕೇಳುವಂತೆ, “ನಮ್ಮ ಎತ್ತು ಇಷ್ಟು ಸಲ ಮೂತ್ರಕ್ಕೂ ನಿಂದ್ರಂಗಿಲ್ಲ” ಎಂದ. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ.

ಆ ನಗು ನನ್ನ ಕಿವಿಯಲ್ಲಿದ್ದಾಗಲೇ ನಾನು ಎರಡು ಕೆಲಸ ಮಾಡಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ನನಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ನಾಲ್ಕು ಬೋಲ್ಟು ಬಿಚ್ಚಿ ಜಾಳಿಗೆ ತೆಗೆದು ಬದುವಿನ ಜಾಲಿ ಗಿಡಕ್ಕೆ ಆನಿಸಿಟ್ಟೆ. ಆಮೇಲೆ ಆಕೆಯನ್ನು ಕರೆದೆ.

“ಯವ್ವಾ, ಹಿಂದಿನ ಹಲಗಿ ಮ್ಯಾಲ ನಿಂದ್ರು. ಯಾವ ತಾಳು ನಿಂತದ ಅನ್ನೂದು ಅಲ್ಲಿಂದ ಹೇಳು. ಕಾಳು ತುಂಬಿದ ಮ್ಯಾಲ ‘ನಡಿ’ ಅನ್ನು, ನಾ ನಡಸ್ತೀನಿ.”

ಆಕೆಯ ಮುಖ ಅರಳಿತು. ಸೆರಗು ಸೊಂಟಕ್ಕೆ ಬಿಗಿದು, ಕಾಳು ತುಂಬಲಿಕ್ಕೆಂದು ಮಾಡಿದ್ದ ಆ ಹಲಗೆಯನ್ನು ಏರಿ ನಿಂತಳು. ನಾನು ಬರೆದ ಕೆಂಪು ಅಕ್ಷರಗಳು ಆಕೆಯ ಮೊಣಕಾಲಿನ ಮಟ್ಟಕ್ಕಿದ್ದವು.

ಅಲ್ಲಿಂದ, ಕಾಳು ತುಂಬುವುದಕ್ಕೆ ಬಿಟ್ಟರೆ, ಯಂತ್ರ ನಿಲ್ಲಲಿಲ್ಲ. ಯಾವ ಸಾಲೂ ಬರಿದಾಗಲಿಲ್ಲ. ಸಂಜೆಯ ಹೊತ್ತಿಗೆ ಎರಡು ದಿನದ ಕೆಲಸ ಮುಗಿಯಿತು. ಜಾಳಿಗೆ ತೆಗೆದದ್ದರಿಂದ ಉಂಡೆಯ ಕಾಟ ತಪ್ಪಿತು ಎಂದುಕೊಂಡು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಸಾಹೇಬರು, “ಈಗ ಮಶೀನ್ ಕೈಗೆ ಬಂತು ನೋಡು” ಎಂದು ಹೇಳಿ ಜೀಪು ಹತ್ತಿದರು.

ಒಂದು ಮಾತು ಇಲ್ಲಿ ಹೇಳಬೇಕು. ನಾನು ಶರಣಸಿರಸಗಿಯ ಒಕ್ಕಲು ಮನೆಯವನು. ಎತ್ತಿನ ಹಗ್ಗ ಕೈಗೆ ಕೊಟ್ಟ ದಿನ ಅಪ್ಪ ಕಲಿಸಿದ ಮೊದಲ ಪಾಠ: ಕೂರಿಗೆ ಹೊಡೆಯುವವನು ಹಿಂದೆ ನೋಡಬಾರದು. ಕಣ್ಣು ಎದುರಿನ ಬದುವಿನ ಗುರುತಿನ ಮೇಲೇ ಇರಬೇಕು. ಹಿಂದೆ ನೋಡಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಸಾಲು ಡೊಂಕಾಗುತ್ತದೆ. ಹಿಂದಿನ ಕೆಲಸ ಹಿಂದಿನವಳದು. ಒಂದು ಸಲ ನಾನು ಹಿಂದೆ ನೋಡಿದ್ದಕ್ಕೆ ಅಪ್ಪ ಬಾರುಕೋಲಿನಿಂದ ಬಾರಿಸಿದ್ದ. ಟ್ರ್ಯಾಕ್ಟರ್ ಹತ್ತಿದ ಮೇಲೂ ನನ್ನ ಕುತ್ತಿಗೆ ಆ ಪಾಠವನ್ನು ಬಿಟ್ಟಿರಲಿಲ್ಲ. ನನ್ನ ಸಾಲು ನೂಲು ಹಿಡಿದಂತೆ ಇರುತ್ತವೆ ಎಂದು ಡಿಪೋದಲ್ಲಿ ಹೆಸರಿತ್ತು, ಆ ಹೆಸರಿನ ಬಗ್ಗೆ ನನಗೆ ಜಂಬವೂ ಇತ್ತು.

ಮೂರನೆಯ ದಿನ ಬೆಳಿಗ್ಗೆ, ಹೊಲದ ಕೊನೆಯ ಪಟ್ಟಿ ಉಳಿದಿತ್ತು. ಬದುವಿಗೆ ನಿಲ್ಲಿಸಿ ಪೆಟ್ಟಿಗೆಗೆ ಕಾಳು ಸುರಿದರು. ಆಕೆ “ನಡಿ ತಮ್ಮಾ” ಎಂದಳು. ನಾನು ಪಂಖ ಚಾಲೂ ಮಾಡಿ, ಎದುರಿನ ಬದುವಿನ ಬೇವಿನ ಗಿಡದ ಮೇಲೆ ಕಣ್ಣಿಟ್ಟು ಕ್ಲಚ್ ಬಿಟ್ಟೆ.

ಕೂಗು ಕೇಳಿಸಲಿಲ್ಲ. ಪಂಖ ಅದನ್ನು ನುಂಗಿತು. ಬದುವಿನ ಮೇಲಿದ್ದ ಸಾವಕಾರರು ಎರಡೂ ಕೈ ಎತ್ತಿಕೊಂಡು ನನ್ನೆದುರಿಗೆ ಓಡಿ ಬಂದಾಗ ನಿಲ್ಲಿಸಿದೆ. ಆಮೇಲೆ ಅಳೆದಿದ್ದೇನೆ, ಹದಿನಾಲ್ಕು ಹೆಜ್ಜೆ. ಅಷ್ಟು ದೂರ ಹೋಗಿದ್ದೆ.

ಆಕೆಯ ಬಲಗೈ ಪೆಟ್ಟಿಗೆಯೊಳಗಿತ್ತು. ಹಲ್ಲಿನ ದಂಡಕ್ಕೆ ಬೆರಳು ಸಿಕ್ಕಿದ್ದವು. ಬಂದ್ ಮಾಡಿ, ಗಾಲಿಯನ್ನು ಜಾಕಿನ ಮೇಲೆ ಎತ್ತಿ, ಅದನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ದಂಡ ಬಿಡಿಸಬೇಕಾಯಿತು. ಅದನ್ನು ಮಾಡಲು ನನಗಷ್ಟೇ ಗೊತ್ತಿತ್ತು. ತೂಕ ಹಿಡಿಯಲಿಕ್ಕೆಂದು ಮೂರು ದಿನ ತಿರುಗಿಸಿದ್ದ ಅದೇ ಗಾಲಿ. ಆಕೆ ಅಳಲಿಲ್ಲ. “ಸಾವಕಾಶ ತಮ್ಮಾ” ಎಂದಳು, ಅಷ್ಟೇ. ಕಾಳೆಲ್ಲ ಕೆಂಪಾಗಿತ್ತು.

ಸಾವಕಾರರ ಜೀಪಿನಲ್ಲಿ ಕಲಬುರಗಿಯ ದವಾಖಾನೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಸಾವಕಾರರು ಒಂದೇ ಮಾತನ್ನು ಹೇಳುತ್ತಿದ್ದರು: “ಪ್ರತಿ ಸಲ ಹಂಗೇ ಕೈ ಹಾಕ್ತಿದ್ಲಲ್ಲೋ. ನಿನಗ ಗೊತ್ತದ ಅಂತ ತಿಳ್ಕೊಂಡಿದ್ದೆ.”

ಆಗ ನನಗೆ ತಿಳಿಯಿತು. ಪ್ರತಿ ಸಲ ಕಾಳು ತುಂಬಿದ ಮೇಲೆ ಆಕೆ ಒಂದು ಮುಷ್ಟಿ ಕಾಳನ್ನು ಹಿಡಿದುಕೊಂಡು ನಿಲ್ಲುತ್ತಿದ್ದಳು. ‘ನಡಿ’ ಎಂದು ಹೇಳಿ, ಯಂತ್ರ ಹೆಜ್ಜೆ ಕಿತ್ತ ಮೇಲೆ ಅದನ್ನು ಬಿಡುತ್ತಿದ್ದಳು. ನಿಂತ ಕೂರಿಗೆಗೆ ಹಾಕಿದ ಮೊದಲ ದಿನದ ಮುಷ್ಟಿ ಆಕೆಯ ಮನಸ್ಸನ್ನು ಕೊರೆಯುತ್ತಿತ್ತು. ಬಿಟ್ಟ ಮೇಲೂ ಕೈ ತೆಗೆಯುತ್ತಿರಲಿಲ್ಲ, ಉಂಡೆ ಬಿಡಿಸುತ್ತ ಕಾಳಿನ ಮೇಲೆ ಬೆರಳಾಡಿಸುತ್ತಿದ್ದಳು. ಹಿಂದಿನ ದಿನ ಯಾವ ತಾಳೂ ನಿಲ್ಲದಿದ್ದದ್ದು ಜಾಳಿಗೆ ತೆಗೆದದ್ದರಿಂದಲ್ಲ, ಆಕೆಯ ಕೈಯಿಂದ. ಬದುವಿನ ಮೇಲೆ ಕೂತವರೆಲ್ಲ ಅದನ್ನು ನೋಡಿದ್ದರು. ಕೂರಿಗೆಯ ಹಿಂದೆ ನಡೆಯುವವಳು ಬಟ್ಟಲ ಮೇಲೆ ಕೈ ಇಡುವುದು ಅವರ ಕಣ್ಣಿಗೆ ಹೊಸದಲ್ಲ. ನೋಡದವನು ನಾನೊಬ್ಬನೇ.

ಎರಡು ಬೆರಳು ತೆಗೆದರು, ತೋರುಬೆರಳು ಮತ್ತು ನಡುಬೆರಳು.

ನಾಲ್ಕನೆಯ ದಿನ ಸಾಹೇಬರು ನನ್ನನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಹೇಳಿಕೆ ಸಿದ್ಧವಾಗಿತ್ತು, ಸಹಿ ಒಂದು ಬಾಕಿ. ಎಚ್ಚರಿಕೆಯ ಬರಹ ಇದ್ದರೂ ಕೂಲಿಯಾಕೆ ತಾನಾಗಿಯೇ ಯಂತ್ರವನ್ನು ಏರಿ, ತಾನಾಗಿಯೇ ಕೈ ಹಾಕಿದ್ದರಿಂದ ಗಾಯವಾಗಿದೆ ಎಂದು ಬರೆದಿತ್ತು.

“ಕೈ ತಾನೇ ಹಾಕ್ಯಾಳೋ ಇಲ್ಲೋ?” ಎಂದು ಕೇಳಿದರು.

“ಹಾಕ್ಯಾಳ್ರಿ.”

“ಬೋರ್ಡು ನೀನೇ ಬರ್ದೀಯೋ ಇಲ್ಲೋ?”

“ಬರ್ದೀನ್ರಿ.”

“ಮತ್ತ? ಸುಳ್ಳೇನದ ಇದ್ರಾಗ? ಸಹಿ ಮಾಡು. ನಿನ್ನ ಕಾಯಂ ಕಾಗದ ಇದೇ ತಿಂಗಳು ಮ್ಯಾಲ ಹೋಗ್ತದ.”

ಸಾಹೇಬರು ಕೆಟ್ಟವರೇನಲ್ಲ, ನನ್ನನ್ನು ಉಳಿಸಲು ನೋಡುತ್ತಿದ್ದರು. ಆದರೆ ಆ ಕಾಗದಕ್ಕೆ ಸಹಿ ಬಿದ್ದರೆ, ಸಾವಕಾರರು ಆಕೆಯ ಹೆಸರಿನಲ್ಲಿ ಡಿಪೋಗೆ ಹಾಕಿಸಿದ್ದ ಪರಿಹಾರದ ಅರ್ಜಿ ಅಲ್ಲಿಗೇ ಮುಗಿಯುತ್ತಿತ್ತು. ತಪ್ಪು ಆಕೆಯದೇ ಎಂದಾದ ಮೇಲೆ ಯಾರು ಕೊಡುತ್ತಾರೆ? ನಾನು ವಿಚಾರ ಮಾಡುತ್ತೇನೆ ಎಂದು ಹೇಳಿ ಗಾಜಿಪುರ ಓಣಿಯ ನನ್ನ ಖೋಲಿಗೆ ಬಂದೆ. ಧೈರ್ಯವಂತನಂತೆ ಬರೆಯುವುದು ಈಗ ಸುಲಭ. ಆವತ್ತು ಮಾತ್ರ ಸಹಿ ಮಾಡಬೇಕೆಂದೇ ಮನಸ್ಸಿತ್ತು. ಮದುವೆಯ ಮಾತುಕತೆ ನಡೆದಿತ್ತು, ಹುಡುಗಿಯ ಮನೆಯವರು ಕೇಳಿದ್ದು ನೌಕರಿ ಕಾಯಮೋ ಅಲ್ಲವೋ ಎಂಬ ಒಂದೇ ಮಾತು.

ಸಹಿಗೆ ಮುನ್ನ ದವಾಖಾನೆಗೆ ಹೋದೆ, ಯಾಕೆ ಹೋದೆ ಎಂದು ನನಗೇ ಗೊತ್ತಿಲ್ಲ. ಬಹುಶಃ ಆಕೆ ಬೈದರೆ ನನ್ನ ಕೆಲಸ ಹಗುರಾಗುತ್ತದೆ ಎಂದಿರಬೇಕು. ಆಕೆ ಬೈಯಲಿಲ್ಲ. ಬ್ಯಾಂಡೇಜು ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ತಮ್ಮಾ, ಆ ಪಟ್ಟಿ ಬಿತ್ತಿದ್ರೇನು?”

“ಇಲ್ಲವ್ವಾ. ಬೀಳು ಅದ.”

“ನನ್ನಿಂದ ಸಾವ್ಕಾರ್ರ ಹೊಲ ಬೀಳ ಬಿತ್ತಲ್ಲೋ. ನಾ ‘ನಡಿ’ ಅಂದ ಮ್ಯಾಲ ಕೈ ತೆಗೀಬೇಕಿತ್ತು. ನನ್ದೇ ತಪ್ಪು.”

ಸಾಹೇಬರ ಕಾಗದದಲ್ಲಿದ್ದ ಮಾತನ್ನೇ ಆಕೆ ಹೇಳಿದಳು. ಆಕೆಯ ಬಾಯಲ್ಲಿ ಅದನ್ನು ಕೇಳಲು ನನ್ನಿಂದ ಆಗಲಿಲ್ಲ. ಎದ್ದು ಹೊರಗೆ ಬಂದು ದವಾಖಾನೆಯ ನಲ್ಲಿಯ ಹತ್ತಿರ ನಿಂತು ಅತ್ತೆ.

ಮರುದಿನ ನನ್ನದೇ ಅಕ್ಷರದಲ್ಲಿ ಬೇರೆ ಹೇಳಿಕೆ ಬರೆದುಕೊಟ್ಟೆ. ಜಾಳಿಗೆ ನಾನು ತೆಗೆದೆ. ಆಕೆಯನ್ನು ನಾನು ಏರಿಸಿದೆ. ನಡೆಸುವ ಮುನ್ನ ನಾನು ಹಿಂದೆ ನೋಡಲಿಲ್ಲ. ಮೂರೇ ಸಾಲು. ಸಾಹೇಬರು ಓದಿ, ಕನ್ನಡಕ ತೆಗೆದು, “ನಿನ್ನ ಕಾಲ ಮ್ಯಾಲ ನೀನೇ ಕಲ್ಲು ಹಾಕ್ಕೊಂಡಿ” ಎಂದರು. ಆಕೆಯ ಅರ್ಜಿ ಮುಂದೆ ಹೋಯಿತು. ನನ್ನ ಕಾಗದ ಹೋಗಲಿಲ್ಲ. ಯಂತ್ರವನ್ನು ತೊಳೆದು, ಪೈಪುಗಳ ಬಾಯಿಗೆ ಬಟ್ಟೆ ತುರುಕಿ, ಮತ್ತೆ ಶೆಡ್ಡಿಗೆ ನೂಕಿದೆವು. ಜಾಳಿಗೆಯನ್ನು ಕಮಲಾಪುರದ ಬದುವಿನಿಂದ ತಂದು ನಾನೇ ನಾಲ್ಕೂ ಬೋಲ್ಟು ಬಿಗಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸ್ವಾತಿ ಮಳೆ ಬಿದ್ದ ಮೇಲೆ ಒಂದು ರಜೆಯ ದಿನ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆ. ಜೋಳ ಮೊಣಕಾಲಿಗೆ ಬಂದಿತ್ತು. ಆ ಪಟ್ಟಿ ಮಾತ್ರ ಬೋಳಾಗಿತ್ತು. ಸಾವಕಾರರು ಅದಕ್ಕೆ ಕಡಲೆ ಬಿತ್ತಲು ಕೂರಿಗೆ ಹೂಡಿಸಿದ್ದರು. ಆಕೆ ಆಗಲೇ ಉಡಿಗೆ ಕಾಳು ಕಟ್ಟಿಕೊಂಡು ನಿಂತಿದ್ದಳು. ಗಾಯ ಮಾಯ್ದಿತ್ತು. ಸಾವಕಾರರು ನನ್ನನ್ನು ಪಕ್ಕಕ್ಕೆ ಕರೆದು, “ಬ್ಯಾಡ ಅಂದ್ರ ಕೇಳವಲ್ಲಳು. ಏನ್ ಮಾಡ್ಲಿ ಹೇಳು” ಎಂದರು.

ನಾನು ಎತ್ತಿನ ಹಗ್ಗ ಕೇಳಿದೆ. ಕೊಟ್ಟರು.

ಆಕೆ ಕಡಲೆಯನ್ನು ಎಡಗೈಯಲ್ಲಿ ತುಂಬಿಕೊಂಡಳು. “ನಡಿ ತಮ್ಮಾ” ಎಂದಳು.

ನಾನು ಎತ್ತುಗಳನ್ನು ನಡೆಸಿದೆ. ಎರಡು ಹೆಜ್ಜೆಗೆ ಹಿಂದೆ ನೋಡಿದೆ. ಆಕೆಯ ಎಡಗೈ ಬಟ್ಟಲ ಮೇಲಿತ್ತು, ಬಲಗೈ ಸೆರಗಿನೊಳಗಿತ್ತು. ಮತ್ತೆ ಎರಡು ಹೆಜ್ಜೆ, ಮತ್ತೆ ನೋಡಿದೆ.

“ಮುಂದ ನೋಡೋ. ಸಾಲ ಡೊಂಕಾಗ್ತದ.”

“ಆಗ್ಲಿ ಬಿಡವ್ವಾ.”

“ನಿಮ್ಮಪ್ಪ ಕಲ್ಸಿಲ್ಲೇನು?”

“ಕಲ್ಸ್ಯಾನ” ಎಂದು ಮತ್ತೆ ಹಿಂದೆ ನೋಡಿದೆ. ಪಟ್ಟಿ ಮುಗಿಯುವವರೆಗೂ ಹಾಗೇ ನಡೆದೆವು.

ಹದಿನೈದು ದಿನದ ಮೇಲೆ ಬಸ್ಸಿನ ಕಿಟಕಿಯಿಂದ ಆ ಪಟ್ಟಿಯನ್ನು ನೋಡಿದೆ. ಯಂತ್ರದ ಜೋಳದ ಸಾಲುಗಳು ನೂಲು ಹಿಡಿದಂತೆ ನಿಂತಿದ್ದವು. ಅವುಗಳ ಪಕ್ಕದಲ್ಲಿ ಕಡಲೆಯ ಸಾಲು ಹಾವು ಹರಿದಂತೆ ಹುಟ್ಟಿತ್ತು. ಡೊಂಕು ನನ್ನದು. ಆದರೆ ನಡುನಡುವೆ ಗೇಣು, ಮೊಳ, ಕೆಲವು ಕಡೆ ಮಾರುದ್ದ ಬೋಳು ಬಿದ್ದಿತ್ತು, ಕೆಲವು ಕಡೆ ಒಂದೇ ತಾವಿನಲ್ಲಿ ಗುಂಪಾಗಿ ಎದ್ದಿತ್ತು. ಅದು ಎಡಗೈಯದು. ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬ ಒಕ್ಕಲಿಗನಿಗೂ ಅದು ಕಾಣುತ್ತಿತ್ತು.

ಮರುವರ್ಷ ಹಸ್ತ ಮಳೆಗೆ ಆಕೆಗೆ ಉಡಿ ತುಂಬಲು ಯಾರೂ ಬರಲಿಲ್ಲ.